ಒಂದೇ ಬೀಳುವ ದಾಳ

ಚೌಬಾರಾದ ಹಿಂದ, ಮುಜೀಬನ ಕಾರಖಾನಿ ಮ್ಯಾಲಿನ ಖೋಲ್ಯಾಗ
ಐತವಾರ ಸಂಜೀಕ ಕೂಡ್ತೀವಿ ನಾಲ್ಕು ಮಂದಿ.
ಕೆಳಗ ಅವರಪ್ಪ ಹೂಜಿಗೆ ಬೆಳ್ಳಿ ತಂತಿ ಕೂಡಿಸೋ ಟಕಟಕ,
ಮ್ಯಾಲ ನಮ್ಮ ರಾಜ್ಯ: ಒಂದು ಚಾಪಿ, ಮೊಂಡ ಪೆನ್ಸಿಲ್ಲು,
ನಾ ಬರೆದ ನಕಾಶೆ, ಅದರಾಗ ಹೆಸರಿಲ್ಲದೊಂದು ಕಿಲ್ಲಾ.

ಮೊದಲು ಆಡಿದ್ದು ದಪ್ಪ ಪುಸ್ತಕದ ಕಾಯ್ದೆ.
ಇಪ್ಪತ್ತು ಮುಖದ ದಾಳ, ಇಟ್ಟಂಗಿ ತೂಕದ ಪುಸ್ತಕ.
ಎಷ್ಟು ಫೂಟು ಬಿದ್ದರ ಎಷ್ಟು ಪೆಟ್ಟು,
ಹಗ್ಗ ಎಷ್ಟು ಭಾರ ತಡೀತದ, ಕಂದೀಲು ಎಷ್ಟು ಮಾರು,
ಎಲ್ಲಾ ಕೋಷ್ಟಕದಾಗ.
ನನಗ ಅದು ಹಿಡಿಸಿತ್ತು, ಸುಳ್ಳ್ಯಾಕ ಹೇಳಲಿ.
ಸರ್ವೆ ಕಚೇರಿಯಾಗ ಸರಪಳಿ ಹಿಡಿದು ಹದಿನಾರು ವರ್ಷ.
ಗಡಿಕಲ್ಲಿಲ್ಲದ ಹೊಲ ಕಂಡರ ನನಗ ನಿದ್ದಿ ಬರಂಗಿಲ್ಲ.

ಹರ್ಜೋತ್, ಝಿರಾದ ಓಣ್ಯಾಗ ಹುಟ್ಟಿದಂವ,
ನಮಗಿಂತ ಛಲೋ ಬೀದರ ಕನ್ನಡ ಅವಂದು, ಅಂದ:
"ಕಾಕಾ, ಒಂದು ಬಾಗಲಾ ತೆಗೀಲಿಕ್ಕ ಮುಕ್ಕಾಲು ತಾಸು ಓದಿದಿರಿ.
ಒಳಗಿನ ದೆವ್ವ ಇಷ್ಟೊತ್ತಿಗೆ ಮುಪ್ಪಾಗಿ ಸತ್ತಿರಬೇಕು."

ಆಮ್ಯಾಲ ಬಂತು ಎರಡು ದಾಳದ ಸಣ್ಣ ಕಾಯ್ದೆ.
ಹತ್ತು ದಾಟಿದರ ಆತು. ಆರಕ್ಕ ಇಳಿದರ ಕೆಟ್ಟಿತು.
ನಡುವ ಬಿದ್ದರ ಆಗ್ತದ, ಆದರ ಏನರೇ ಕೊಡಬೇಕು.
ಹೊಳಿ ದಾಟಿದಿ, ಕುದರಿ ಹೋತು.
ಬೀಗ ತೆಗೆದಿ, ಒಳಗಿನಂವ ನಿನ್ನ ಹೆಸರು ಹಿಡಿದು ಕರೆದ.
ಮುಜೀಬ ನಕ್ಕ: "ಇದು ನಮ್ಮೂರಿಂದೇ ಕಾಯ್ದೆ.
ಸರ್ವೆ ಕಚೇರಿಗೆ ಹೋದಂಗ. ಆಗ್ತದ, ಏನರೇ ಕೊಡಬೇಕು."
ಎಲ್ಲಾರೂ ನನ್ನ ಕಡಿ ನೋಡಿದರು.
ನಾ ಚಹಾ ಕುಡದೆ.

ಜಗದೇವಿ ಎರಡಕ್ಕೂ ಒಪ್ಪಲಿಲ್ಲ.
ಸರಕಾರಿ ದವಾಖಾನಿ, ರಾತ್ರಿ ಪಾಳಿ, ಕಣ್ಣಾಗ ಉರಿ.
"ಜೀವಕ್ಕ ಅಂಕಿ ಹಾಕೋ ಕಾಯ್ದೆ ನನಗ ಬ್ಯಾಡ.
ಹನ್ನೆರಡಿದ್ದದ್ದು ಒಂಬತ್ತು, ಒಂಬತ್ತಿದ್ದದ್ದು ನಾಲ್ಕು,
ದಿನಾ ಬರೀತೀನಿ, ಮಂಚಕ್ಕ ತೂಗಹಾಕಿದ ಕಾಗದದಾಗ.
ಇಲ್ಲಿ ಗಾಯಕ್ಕ ಮಾತು ಬರೀರಿ."
ಬರೆದೆವು.
ಎಡಗೈ ಮುಷ್ಟಿ ಆಗವಲ್ದು.
ಅಣ್ಣನ ದನಿ ನೆಪ್ಪಿಲ್ಲ.
ಬಾವಿ ಕಂಡರ ಹಿಂದ ಸರೀತಾಳ.
ಇಂಥವು ರಬ್ಬರಿಗೆ ಅಳಿಸಂಗಿಲ್ಲ;
ಯಾರರೇ ಕುಂತು ಕೇಳಬೇಕು, ಪೂರಾ.

ಮೊನ್ನೆ ಮುಜೀಬ ತಾನೇ ಎರಕ ಹೊಯ್ದ ದಾಳ ತಂದ.
ಆರು ಮುಖ. ಕಿಲ್ಲಾದ ಮಣ್ಣಿನಾಗ ಕರ್ರಗಾಗಿದ್ದು.
ಚುಕ್ಕಿಗೆ ಬೆಳ್ಳಿ, ಅಪ್ಪನ ಕಣ್ಣು ತಪ್ಪಿಸಿ ಕಡಿದ ಚೂರು.
ಏನು ಚೆಂದ! ಉರುಳಿಸಿದೆವು.
ಒಂದು.
ಮತ್ತ ಒಂದು.
ಹರ್ಜೋತ್ ನೂರು ಸಲ ಎಸೆದು ಗೀಟು ಹಾಕಿದ:
ಮೂವತ್ತೊಂದು ಸಲ ಒಂದು, ಐದೇ ಸಲ ಆರು.
ಆರು ಚುಕ್ಕಿಯ ಬೆಳ್ಳಿ ಭಾರ, ಆ ಮುಖ ನೆಲ ಹುಡುಕ್ತದ.
ಮ್ಯಾಲ ಉಳಿಯೋದು ಆ ಒಂಟಿ ಚುಕ್ಕಿ.

ಮುಜೀಬನ ಮಾರಿ ಸಣ್ಣದಾತು. ಕರಗಸ್ತೀನಿ ತಾ ಅಂದ.
ಜಗದೇವಿ ದಾಳ ಮುಷ್ಟಿಯಾಗ ಹಿಡಿದಳು, ಕೊಡಲಿಲ್ಲ.
"ಕಾಯ್ದೆ ಭಾಳ ಗೊತ್ತಲ್ರಿ ಸಾಹೇಬರ,
ಇದಕ್ಕ ತಕ್ಕದೊಂದು ಬರೀರಿ."

ಈಗ ನನ್ನ ಮುಂದ ಖಾಲಿ ನೋಟಬುಕ್ಕು.
ಒಂದನೇ ಕಲಮು: ಒಂದು ಬಿದ್ದರ ಸೋಲಲ್ಲ,
ಬಿದ್ದಂವನ ಬದಿಗೆ ಇನ್ನೊಬ್ಬರು ಬಂದು ನಿಲ್ಲಬೇಕು.
ಎರಡನೇದು: ನಿಂತವರು ತಮ್ಮ ಗಾಯದ ಮಾತೊಂದು
ಎಲ್ಲಾರಿಗೂ ಕೇಳೋಹಂಗ ಓದಬೇಕು.
ಮೂರನೇದು ಬರೆದೆ, ಹೊಡೆದುಹಾಕಿದೆ.
ಆರು ಬಿದ್ದರ ಏನು ಅನ್ನೋ ಜಾಗ ಹಾಂಗೇ ಬಿಟ್ಟೀನಿ.
ಗಡಿಕಲ್ಲು ಹಾಕಿಲ್ಲ.

ಕೆಳಗ ಟಕಟಕ ನಿಂತದ.
ತಕ್ಕಡಿ ಸಪ್ಪಳ. ಬೆಳ್ಳಿ ತೂಗಲತ್ತಾರ ಅವರಪ್ಪ,
ಮತ್ತೊಮ್ಮೆ ತೂಗಲತ್ತಾರ.
ಈಗ ಮೆಟ್ಟಲ ಮ್ಯಾಲ ಹೆಜ್ಜಿ.
ಮುಜೀಬ ದಾಳ ಎಸೆದ.
ಅದು ಇನ್ನೂ ಉರುಳಲತ್ತಿತ್ತು, ಜಗದೇವಿ ಎದ್ದು
ಅವನ ಬದಿಗೆ ಹೋಗಿ ನಿಂತಳು.